ನಿರಾಶ್ರಿತರ ನೆಲೆಯಲ್ಲಿ ಹಬ್ಬದ ರಜೆ

ನಮ್ಮ ಹಳೆಯ ವಿದ್ಯಾರ್ಥಿ ಸಂಘದ ಈ ಸಾಲಿನ ಸಭೆಯಲ್ಲಿ ಒಂದು ಸಲಹೆ ಮಂಡಿಸಲ್ಪಟ್ಟಿತು. ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಸಂಸ್ಥೆಯ ಕೆಲವು ಹಳೆಯ ವಿದ್ಯಾರ್ಥಿಗಳು ಅದನ್ನು ಬರೆದು ಕಳುಹಿಸಿದ್ದರು. ಪ್ರತಿವರ್ಷ ದೀಪಾವಳಿಯ ರಜೆಯಲ್ಲಿ ನಮ್ಮ ಪ್ರೌಢಶಾಲೆಯ ಮಕ್ಕಳ ತಂಡವೊಂದು ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ನೆಲೆಗೆ ಹೋಗಿ, ಅಲ್ಲಿಯ ಜನರ ನಡುವೆ ಹಬ್ಬವನ್ನಾಚರಿಸಿ, ಸಿಹಿಯನ್ನೂ ಉಡುಪುಗಳನ್ನೂ ಹಂಚಿ ಬರಬೇಕು. ಅದರ ವೆಚ್ಚವನ್ನು ತಾವು ಭರಿಸುವೆವು ಎಂಬುದು ಆ ಪತ್ರದ ಸಾರ. ಸಭೆಯು ಕರತಾಡನದೊಡನೆ ಅದನ್ನು ಸ್ವಾಗತಿಸಿತು. ನಾನು ಸುಮ್ಮನೆ ಕುಳಿತಿದ್ದೆ. ಅದನ್ನು ಗಮನಿಸಿದ ಈ ಸಂಚಿಕೆಯ ಸಂಪಾದಕರು, 'ಮೇಷ್ಟ್ರೇ, ನಿಮ್ಮ ಅಸಮ್ಮತಿಗೆ ಕಾರಣವೇನೆಂಬುದನ್ನು ಬರೆದುಕೊಡಿ' ಎಂದು ಕೇಳಿದರು. ಆದುದರಿಂದ ಈ ಲೇಖನ.

ಸಲಹೆ ಕಳುಹಿಸಿದವರ ಹೃದಯವೈಶಾಲ್ಯದ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಅವರಲ್ಲಿ ಇಬ್ಬರು ನನ್ನ ತರಗತಿಯಲ್ಲಿಯೇ ಕುಳಿತು ಓದಿದವರು. ಆದರೆ ಅವರು ಇಂದು ಮಾಡಬಯಸುವ ಕಾರ್ಯವನ್ನು ನಾನು 1986ರಲ್ಲಿಯೇ ಮಾಡಿ ಮುಗಿಸಿದವನು. ಅದರಿಂದ ಕಲಿತದ್ದನ್ನು ಮುಚ್ಚಿಟ್ಟುಕೊಂಡು ಚಪ್ಪಾಳೆ ತಟ್ಟುವುದು ಶಿಕ್ಷಕನಾದವನಿಗೆ ಉಚಿತವೆನಿಸಲಿಲ್ಲ.

ಪಾಲಿಬೆಟ್ಟದಿಂದ ಬೈಲಕುಪ್ಪೆ ದೂರದ ಊರೇನೂ ಅಲ್ಲ. ಸಿದ್ದಾಪುರದ ಬಳಿ ಕಾವೇರಿಯನ್ನು ಒಮ್ಮೆ ದಾಟಿ, ನೆಲ್ಯಹುದಿಕೇರಿ, ಗುಡ್ಡೆಹೊಸೂರುಗಳ ಮೂಲಕ ಕುಶಾಲನಗರಕ್ಕೆ ಬಂದು, ಅಲ್ಲಿ ಅದೇ ಕಾವೇರಿಯನ್ನು ಮತ್ತೊಮ್ಮೆ ದಾಟಿದರೆ ಕೊಪ್ಪ. ಅಲ್ಲಿಂದ ಮುಂದೆ ಪಿರಿಯಾಪಟ್ಟಣ ತಾಲ್ಲೂಕಿನ ಬಯಲು. ಕಾಫಿ ತೋಟದ ನೆರಳಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮುಸುಕಿನ ಜೋಳದ ಹೊಲಗಳೂ, ಗಾಳಿಗೆ ಹಾರಾಡುವ ಬಣ್ಣದ ಪ್ರಾರ್ಥನಾ ಪತಾಕೆಗಳೂ ಕಂಡೊಡನೆ ಹೊರದೇಶಕ್ಕೆ ಬಂದಂತೆಯೇ ಭಾಸವಾಗುತ್ತದೆ. 1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿದರು. ಅವರಿಗೆ ನೆಲೆ ಕೊಡಿರೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿಕೊಂಡಾಗ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯ ಮೇಲೆ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಎಸ್. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಅವರು ಮತ್ತೆ ಮತ್ತೆ ಕೃತಜ್ಞತೆಯಿಂದ ನೆನೆದಿದ್ದಾರೆ. ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ಆ ಮೊದಲ ನೆಲೆಯ ನಂತರ 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯದು ಹುಟ್ಟಿತು. ಮುಂಡಗೋಡು, ಹುಣಸೂರು, ಕೊಳ್ಳೇಗಾಲ ತಾಲ್ಲೂಕುಗಳಲ್ಲಿಯೂ ನೆಲೆಗಳಾದವು. ಹಿಮದ ನಾಡಿನಿಂದ ಬಂದವರು ನಮ್ಮ ಸೆಕೆಯಲ್ಲಿ, ಆನೆಗಳು ತಿರುಗುವ ಕಾಡನ್ನು ಕಡಿದು ಹೊಲ ಮಾಡಿದರು; ಅದರಲ್ಲಿ ಅನೇಕರು ರೋಗಕ್ಕೆ ತುತ್ತಾದರು. ಇಂದು ಸುವರ್ಣ ದೇಗುಲವನ್ನು ನೋಡಿ ಬರುವ ಪ್ರವಾಸಿಗಳಿಗೆ ಆ ಮೊದಲ ವರ್ಷಗಳ ಗುರುತು ಸಿಗುವುದಿಲ್ಲ.

1986ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಿಕ್ಷಕ; ಉತ್ಸಾಹಕ್ಕೆ ಕೊರತೆಯಿರಲಿಲ್ಲ. ದೀಪಾವಳಿಯ ರಜೆಯಲ್ಲಿ 22 ಮಂದಿ ಹುಡುಗರನ್ನೂ ಎರಡು ಚೀಲ ಸಿಹಿ ಪೊಟ್ಟಣಗಳನ್ನೂ ಒಬ್ಬ ಛಾಯಾಗ್ರಾಹಕರನ್ನೂ ಕರೆದುಕೊಂಡು ಹೊರಟೆ. ಮುಂಚಿತವಾಗಿ ಯಾರಿಗೂ ಒಂದು ಕಾಗದ ಬರೆದಿರಲಿಲ್ಲ. ಸೇವೆ ಮಾಡಲು ಹೋಗುವವರು ಅಪ್ಪಣೆ ಕೇಳಬೇಕೆಂಬ ಯೋಚನೆಯೇ ನನಗೆ ಹೊಳೆದಿರಲಿಲ್ಲ. ಕುಶಾಲನಗರದವರು 'ಕ್ಯಾಂಪು' ಎಂದು ಕರೆಯುವ ಆ ಹಳ್ಳಿಗಳಲ್ಲೊಂದನ್ನು ನಾವು ಹೊಕ್ಕಾಗ ಮನೆಗಳ ಬಾಗಿಲುಗಳು ಹೆಚ್ಚಾಗಿ ಮುಚ್ಚಿದ್ದವು. ಜಗಲಿಗಳ ಮೇಲೆ ವೃದ್ಧರು ಮಣಿಮಾಲೆ ತಿರುಗಿಸುತ್ತ ಕುಳಿತಿದ್ದರು. ಕೆಲವು ಚಿಕ್ಕ ಮಕ್ಕಳಿದ್ದರು. ಪ್ರಾಯದ ಗಂಡಸರೂ ಹೆಂಗಸರೂ ಎಲ್ಲಿ ಎಂದು ವಿಚಾರಿಸಿದಾಗ ಸಂಗತಿ ತಿಳಿಯಿತು. ಜೋಳದ ಕೊಯಿಲು ಮುಗಿದೊಡನೆ ಅವರೆಲ್ಲ ಸ್ವೆಟರ್ ಮಾರಾಟಕ್ಕಾಗಿ ದೂರದೂರದ ಪಟ್ಟಣಗಳಿಗೆ ಹೊರಟುಬಿಡುತ್ತಾರೆ. ಚಳಿಗಾಲ ಕಳೆದ ಮೇಲೆ, ತಮ್ಮ ಹೊಸ ವರ್ಷದ ಹಬ್ಬದ ಹೊತ್ತಿಗೆ ಊರಿಗೆ ಮರಳುತ್ತಾರೆ. ನಮ್ಮ ಊರಿನ ಪಾದಚಾರಿ ದಾರಿಯಲ್ಲಿ ಸ್ವೆಟರ್ ರಾಶಿಯ ಹಿಂದೆ ಕುಳಿತಿರುವ ಟಿಬೆಟನ್ ಹೆಂಗಸನ್ನು ನಾವೆಲ್ಲ ನೋಡಿದ್ದೇವೆ, ಚೌಕಾಸಿಯನ್ನೂ ಮಾಡಿದ್ದೇವೆ. ಆಕೆಯ ಮನೆಯಲ್ಲಿ ಆ ಹೊತ್ತಿಗೆ ಯಾರಿರುವರೆಂದು ಯೋಚಿಸಿದವರು ಎಷ್ಟು ಮಂದಿ? ನಾವು ಹಬ್ಬವನ್ನು ಹೊತ್ತುಕೊಂಡು ಹೋದದ್ದು ಅರ್ಧ ಖಾಲಿಯಾಗಿದ್ದ ಊರಿಗೆ!

ಹಂಚಿದೆವು, ನಿಜ. ಒಬ್ಬ ವೃದ್ಧೆಯ ಕೈಗೆ ಹುಡುಗನೊಬ್ಬನು ಪೊಟ್ಟಣವನ್ನಿಡುವಾಗ ಛಾಯಾಗ್ರಾಹಕರು 'ಸ್ವಲ್ಪ ತಲೆ ಬಾಗಿಸಿ' ಎಂದು ಕೈಸನ್ನೆ ಮಾಡಿದರು. ಆಕೆ ಬಾಗಿದರು. ಅನಂತರ ಹುಡುಗರನ್ನೆಲ್ಲ ಎಣಿಸಿದರು. ಸಂತೆಯಲ್ಲಿ ಕಲಿತ ಕನ್ನಡದಲ್ಲಿ ನನ್ನನ್ನು ಕೇಳಿದರು: 'ಇಂದು ನಿಮ್ಮ ಹಬ್ಬ ಅಲ್ಲವಾ? ಈ ಮಕ್ಕಳ ಅಮ್ಮ ಮನೆಯಲ್ಲಿ ಕಾಯುವುದಿಲ್ಲವಾ?' ನಾನು ಸೇವೆ, ಭ್ರಾತೃತ್ವ ಮೊದಲಾದ ಮಾತುಗಳನ್ನಾಡಿದೆನೆಂದು ತೋರುತ್ತದೆ. ಆಕೆ ಅವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ಮಗಳು ಅಳಿಯಂದಿರು ಮದರಾಸಿನ ಕಡೆ ಇರುವರೆಂದೂ, ಅವರು ಬಂದ ಮೇಲೆ ಲೋಸಾರ್ ಹಬ್ಬವೆಂದೂ, ಆಗ ಬರಬೇಕೆಂದೂ ಹೇಳಿದರು. 22 ಮಂದಿಗೆ ಕೊಡಲು ಮನೆಯಲ್ಲಿ ಏನೂ ಇಲ್ಲವೆಂಬುದು ಆಕೆಗೆ ಆ ದಿನದ ದೊಡ್ಡ ಸಂಕಟವಾಗಿತ್ತು. ನಮ್ಮ ಪೊಟ್ಟಣಗಳು ಆ ಸಂಕಟವನ್ನು ಹೆಚ್ಚಿಸಿದವೇ ಹೊರತು ತಗ್ಗಿಸಲಿಲ್ಲ. ಆ ವರ್ಷದ ವರದಿಯಲ್ಲಿ ಆ ಚಿತ್ರ ಅಚ್ಚಾಯಿತು. ಅದರ ಕೆಳಗೆ 'ನಿರಾಶ್ರಿತರಿಗೆ ಸಿಹಿ ಹಂಚಿಕೆ' ಎಂಬ ಒಕ್ಕಣೆ ಇತ್ತು. ಒಕ್ಕಣೆಯನ್ನು ಬರೆದವನೂ ನಾನೇ.

ಲೋಸಾರ್ ಹಬ್ಬಕ್ಕೆ ನಾನೂ ಇಬ್ಬರು ಸಹೋದ್ಯೋಗಿಗಳೂ ಹೋದೆವು. ಈ ಸಲ ಕಾಗದ ಬರೆದು, ಉತ್ತರ ಬಂದ ಮೇಲೆ ಹೊರಟೆವು. ಲೋಸಾರ್ ಎಂದರೆ ಅವರ ಚಾಂದ್ರಮಾನ ಪಂಚಾಂಗದ ಹೊಸ ವರ್ಷ. ಫೆಬ್ರವರಿಯಲ್ಲಿಯೋ ಮಾರ್ಚ್‌ನಲ್ಲಿಯೋ ಬರುತ್ತದೆ. ಹದಿನೈದು ದಿನಗಳ ಹಬ್ಬವಾದರೂ ಮೊದಲ ಮೂರು ದಿನಗಳೇ ಮುಖ್ಯ. ಹಳೆಯ ವರ್ಷದ ಕೊನೆಯ ತಿಂಗಳ 29ನೆಯ ದಿನ ರಾತ್ರಿ ಗುತುಕ್ ಎಂಬ ಗಂಜಿಯಂಥ ಸಾರನ್ನು ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ದೊಡ್ಡ ಉಂಡೆಗಳಿರುತ್ತವೆ. ಪ್ರತಿಯೊಂದರ ಒಳಗೂ ಒಂದೊಂದು ವಸ್ತು. ಉಂಡೆ ಒಡೆದಾಗ ಉಣ್ಣೆ ಸಿಕ್ಕಿದವನು ಮೃದುಹೃದಯಿ, ಇದ್ದಿಲು ಸಿಕ್ಕಿದವನು ಕಪ್ಪು ಮನಸ್ಸಿನವನು, ಮೆಣಸಿನಕಾಯಿ ಸಿಕ್ಕಿದವನು ಬಾಯಿಬಡುಕ. ಮನೆಮಂದಿಯೆಲ್ಲ ಒಬ್ಬರನ್ನೊಬ್ಬರು ಹಾಸ್ಯ ಮಾಡಿ ನಗುತ್ತಾರೆ. ಹಳೆಯ ವರ್ಷದ ಕೇಡನ್ನು ಹಿಟ್ಟಿನ ಬೊಂಬೆಯೊಂದಕ್ಕೆ ಆರೋಪಿಸಿ, ಪಂಜು ಹಿಡಿದು ಊರಿನ ಹೊರಗೆ ಬಿಟ್ಟುಬರುತ್ತಾರೆ. ಬೇರೆ ಬೇರೆ ಪಟ್ಟಣಗಳಲ್ಲಿ ಚಳಿಗಾಲವನ್ನು ಕಳೆದು ಬಂದ ಸಂಸಾರ ಆ ರಾತ್ರಿ ಒಂದೇ ಪಾತ್ರೆಯ ಸುತ್ತ ಕೂಡುತ್ತದೆ. ಆ ಪಾತ್ರೆಯ ಸುತ್ತ ಹೊರಗಿನವರಿಗೆ ಸ್ಥಾನವಿಲ್ಲ, ಇರಲೂಬಾರದು.

ನಾವು ಹೋದದ್ದು ಹಬ್ಬದ ಎರಡನೆಯ ದಿನ, ನಂಟರಿಷ್ಟರು ಬಂದುಹೋಗುವ ದಿನ. ಪೂಜಾಸ್ಥಾನದಲ್ಲಿ ಖಾಪ್ಸೆ ಎಂಬ ಕರಿದ ತಿಂಡಿಯನ್ನು ಗೋಪುರದಂತೆ ಜೋಡಿಸಿದ್ದರು. ನಮ್ಮ ಚಕ್ಕುಲಿ ಕಜ್ಜಾಯಗಳ ಮನೆತನಕ್ಕೇ ಸೇರಿದ್ದೆಂದು ರುಚಿ ನೋಡಿದವರು ಒಪ್ಪಬೇಕು. ಬಾಗಿಲಲ್ಲಿ ಚೆಮಾರ್ ತುಂಬಿದ ಮರದ ಪೆಟ್ಟಿಗೆಯನ್ನು ಹಿಡಿದರು. ಅದು ಹುರಿದ ಬಾರ್ಲಿಯ ಹಿಟ್ಟು, ಬೆಣ್ಣೆಯೊಡನೆ ಕಲಸಿದ್ದು. ನಮ್ಮ ಹುರಿಹಿಟ್ಟನ್ನು ಬಲ್ಲವರಿಗೆ ಅದರ ಪರಿಮಳ ಅಪರಿಚಿತವಲ್ಲ. ಅತಿಥಿಯಾದವನು ಒಂದು ಚಿಟಿಕೆ ತೆಗೆದು ಮೂರು ಸಲ ಗಾಳಿಗೆ ತೂರಿ, ಉಳಿದುದನ್ನು ಬಾಯಿಗೆ ಹಾಕಿಕೊಂಡು 'ತಾಶಿ ದೆಲೆಕ್' ಎನ್ನಬೇಕು. ನಾನು ತೂರಿದ ಹಿಟ್ಟು ನನ್ನ ಕನ್ನಡಕದ ಮೇಲೆಯೇ ಬಿದ್ದಿತು. ಮನೆಯವರೆಲ್ಲ ನಕ್ಕರು. ಆ ನಗೆಯಿಂದ ನವೆಂಬರಿನ ದಿನದ ಬಿಗುವು ಬಿಟ್ಟುಹೋಯಿತು. ಕೊರಳಿಗೆ ಬಿಳಿಯ ಖತಾ ವಸ್ತ್ರವನ್ನು ಹಾಕಿದರು. ಉಪ್ಪು ಬೆಣ್ಣೆ ಬೆರೆಸಿದ ಚಹಾದ ಬಟ್ಟಲು ಒಂದು ಗುಟುಕು ಇಳಿದೊಡನೆ ಮತ್ತೆ ತುಂಬುತ್ತಿತ್ತು. ಹಬ್ಬದ ಮದ್ಯವನ್ನು ನಾವು ಕೈಮುಗಿದು ನಿರಾಕರಿಸಿದೆವು. ಆಕೆ ಅದನ್ನು ಮೊದಲೇ ಊಹಿಸಿದ್ದರು. 'ಮಠದ ಶಾಲೆಯವರು' ಎಂದು ನಮ್ಮ ಕಾಗದದಿಂದ ತಿಳಿದು, ಕುಶಾಲನಗರದಲ್ಲಿ ಯಾರನ್ನೋ ವಿಚಾರಿಸಿ, ನಮಗಾಗಿ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆಯ ಮೋಮೊ ಮಾಡಿಟ್ಟಿದ್ದರು. ದೀಪಾವಳಿಗೆ ನಾವು ಹೊರಟಾಗ ಅವರು ಏನು ಉಣ್ಣುತ್ತಾರೆ, ಯಾವ ಸಿಹಿಯನ್ನು ಇಷ್ಟಪಡುತ್ತಾರೆ ಎಂದು ನಮ್ಮಲ್ಲೊಬ್ಬರಾದರೂ ವಿಚಾರಿಸಿದ್ದೆವೇ?

ನನ್ನ ಅಭಿಪ್ರಾಯದ ಬೇರು ಇರುವುದು ಇಲ್ಲಿ. ನೆಲೆ ಕಳೆದುಕೊಂಡವನು ನೆಲದ ಜೊತೆಗೆ ಆತಿಥ್ಯ ಮಾಡುವ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ. ಸಾಲಿನಲ್ಲಿ ನಿಲ್ಲುವುದು, ಪತ್ರ ತೋರಿಸುವುದು, ಕೊಟ್ಟುದನ್ನು ಸ್ವೀಕರಿಸುವುದು, ಇದೇ ಅವನ ದಿನಚರಿಯಾಗುತ್ತದೆ. ಬೈಲಕುಪ್ಪೆಯ ಹೊಲಗಳು ಇಂದಿಗೂ ಗುತ್ತಿಗೆಯವು. ಪೌರತ್ವವಿಲ್ಲದ ಟಿಬೆಟನ್ನರು ತಮ್ಮ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ವರ್ಷವೆಲ್ಲ ಕೈಯೊಡ್ಡಬೇಕಾದವನು ಹಬ್ಬದ ದಿನ ಮಾತ್ರ ತನ್ನ ಹೊಸ್ತಿಲಲ್ಲಿ ನಿಂತು 'ಬನ್ನಿ' ಎನ್ನಬಲ್ಲನು. ಆ ಒಂದು ದಿನವನ್ನೂ ನಾವು ಹಂಚಿಕೆಯ ಕಾರ್ಯಕ್ರಮಕ್ಕೆ ಬಳಸಿಕೊಂಡರೆ ಅವನಲ್ಲಿ ಉಳಿಯುವುದೇನು?

ಇದು ಬೈಲಕುಪ್ಪೆಗೆ ಮಾತ್ರ ಸಂಬಂಧಿಸಿದ ಮಾತೆಂದು ಯಾರೂ ಭಾವಿಸಬಾರದು. ನಮ್ಮ ಬಂಧುಗಳ ಹುಡುಗಿಯೊಬ್ಬಳು ಜರ್ಮನಿಯಲ್ಲಿ ಓದುತ್ತಿದ್ದಳು. 2015ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ಸುಮಾರು 9 ಲಕ್ಷ ಮಂದಿ ಆಶ್ರಯ ಬೇಡಿ ಆ ದೇಶಕ್ಕೆ ಬಂದಾಗ ಅವಳು ಅಂಥವರ ಒಂದು ವಸತಿಯಲ್ಲಿ ಸ್ವಯಂಸೇವಕಿಯಾಗಿ ಸೇರಿದಳು. ಆ ವರ್ಷದ ಕ್ರಿಸ್‌ಮಸ್ ದಿನಗಳಲ್ಲಿ ವಸತಿಯ ಬಾಗಿಲಲ್ಲಿ ಕಾಣಿಕೆ ತಂದವರ ಸಂದಣಿಯೋ ಸಂದಣಿ ಎಂದು ಅವಳು ಬರೆದಿದ್ದಳು. ಒಂದೊಂದು ಮಗುವಿಗೆ ಮೂರು ನಾಲ್ಕು ಬೊಂಬೆಗಳು! 2016ರ ಜೂನ್‌ನಲ್ಲಿ ರಂಜಾನ್ ತಿಂಗಳು ಬಂದಾಗ, ಸಂಜೆಯ ಉಪವಾಸ ಪಾರಣೆಗೆ ಬಂದ ಹೊರಗಿನವರು ಇಬ್ಬರೇ, ಅವರಲ್ಲಿ ಅವಳೊಬ್ಬಳು. ಅಂದು ಅಡುಗೆ ಮಾಡಿ ಬಡಿಸಿದ ಹೆಂಗಸರ ಮುಖವನ್ನು ತಾನು ಆರು ತಿಂಗಳಲ್ಲಿ ಮೊದಲ ಬಾರಿಗೆ ಸರಿಯಾಗಿ ನೋಡಿದೆನೆಂದು ಅವಳ ಪತ್ರದಲ್ಲಿತ್ತು. ಕೊಡುವವರು ತಮ್ಮ ಹಬ್ಬದ ದಿನ ಬರುತ್ತಾರೆ, ಪಡೆಯುವವರ ಹಬ್ಬದ ದಿನ ಬರುವುದಿಲ್ಲ. ಈ ವಿಷಯದಲ್ಲಿ ಪಾಲಿಬೆಟ್ಟಕ್ಕೂ ಜರ್ಮನಿಗೂ ಭೇದವಿಲ್ಲವೆಂದು ತೋರುತ್ತದೆ.

ಕೊಡಗಿನವರಾದ ನಾವು ಪಡೆಯುವವರ ಸಾಲಿನಲ್ಲಿ ನಿಂತದ್ದೂ ಉಂಟು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿದು ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಮನೆಗಳೂ ತೋಟಗಳೂ ಮಣ್ಣಿನಡಿ ಸೇರಿದವು. ಮರುವರ್ಷ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮ ನೆರೆಯ ಕರಡಿಗೋಡು, ನೆಲ್ಯಹುದಿಕೇರಿಗಳ ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ನಾಡಿನ ಮೂಲೆಮೂಲೆಗಳಿಂದ ಲಾರಿಗಟ್ಟಲೆ ಸಾಮಗ್ರಿ ಬಂದಿತು. ಆ ಉಪಕಾರವನ್ನು ನಾವು ಮರೆಯತಕ್ಕದ್ದಲ್ಲ. 2018ರ ಕೈಲ್‌ಪೋದ್ ಹಬ್ಬ ಬಂದಾಗ ಪರಿಹಾರ ಕೇಂದ್ರವೊಂದರಲ್ಲಿ ನಾನು ಕೈಲಾದ ಕೆಲಸ ಮಾಡುತ್ತಿದ್ದೆ. ಅಲ್ಲಿಯ ಕೋಣೆಯೊಂದರಲ್ಲಿ ಹಳೆಯ ಬಟ್ಟೆಗಳು ಆಳೆತ್ತರ ಬಿದ್ದಿದ್ದವು. ಮನೆ ಕಳೆದುಕೊಂಡ ತಾಯಿಯೊಬ್ಬರು ನನ್ನನ್ನು ಕರೆದು, 'ಅಣ್ಣಾ, ಒಂದು ಒಲೆ, ಎರಡು ಸೇರು ಅಕ್ಕಿತರಿ ಸಿಗಬಹುದೇ? ಹಬ್ಬದ ದಿನ ಬಂದವರಿಗೆ ಎರಡು ಕಡಂಬುಟ್ಟು ಕೊಡದಿದ್ದರೆ ಹೇಗೆ?' ಎಂದರು. ಸಿಹಿ ಪೊಟ್ಟಣಗಳು ಅಲ್ಲಿ ಬೇಕಾದಷ್ಟಿದ್ದವು. ಒಲೆ ಸಿಗುವುದಕ್ಕೆ ಅರ್ಧ ದಿನ ಹಿಡಿಯಿತು. 1986ರ ಬೈಲಕುಪ್ಪೆಯ ಆ ವೃದ್ಧೆ ಮೂವತ್ತೆರಡು ವರ್ಷಗಳ ನಂತರ ಕೊಡಗಿನ ಮಾತಿನಲ್ಲಿ ನನ್ನೆದುರು ನಿಂತಂತಾಯಿತು.

ಶ್ರೀಮಠದ ನೆರಳಿನಲ್ಲಿ ಬೆಳೆದ ನಮಗೆ ಈ ವಿಷಯವನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ಈ ಸಂಚಿಕೆಯನ್ನು ಓದುತ್ತಿರುವ ದಾನಿಗಳಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಮಠದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರೇ. ನಾನೂ ಅವರಲ್ಲೊಬ್ಬ. ನಮ್ಮ ತಟ್ಟೆಯ ಎದುರು ಅಂದು ಯಾರೂ ಛಾಯಾಗ್ರಾಹಕರನ್ನು ನಿಲ್ಲಿಸಲಿಲ್ಲ. ಇದು ಇಂಥವರ ದಾನವೆಂದು ನಮ್ಮನ್ನು ಎಬ್ಬಿಸಿ ನಿಲ್ಲಿಸಿ ಹೇಳಲಿಲ್ಲ. ಬಡಿಸುವವನೇ ದಾಸನೆಂಬ ಭಾವ ದಾಸೋಹವೆಂಬ ಶಬ್ದದಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಒಡೆದಾಗ ಶರಣರು ಊರು ಬಿಟ್ಟು ಚದುರಿ, ಒಂದು ತಂಡ ಚನ್ನಬಸವಣ್ಣನವರೊಡನೆ ಉಳವಿಯ ಕಾಡನ್ನು ಸೇರಿತೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಅವರನ್ನು ನಾವು ನಿರಾಶ್ರಿತರೆಂದು ಕರೆಯುವುದಿಲ್ಲ, ಅಷ್ಟೇ. ಆ ಉಳವಿ ಇರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಮುಂಡಗೋಡಿನ ಟಿಬೆಟನ್ ನೆಲೆಯೂ ಇರುವುದು ಕಾಕತಾಳೀಯವಿರಬಹುದು. ನನಗಂತೂ ಅದು ಆಗಾಗ ನೆನಪಿಗೆ ಬರುತ್ತದೆ.

ಹಬ್ಬವನ್ನು ಆಚರಿಸದಿರುವುದೂ ಅವರದೇ ಹಕ್ಕು. 2008ರ ಮಾರ್ಚ್‌ನಲ್ಲಿ ಟಿಬೆಟ್ಟಿನಲ್ಲಿ ನಡೆದ ಪ್ರತಿಭಟನೆಗಳಲ್ಲಿ ಸತ್ತವರಿಗಾಗಿ 2009ರ ಲೋಸಾರ್ ಸಂಭ್ರಮವನ್ನು ಟಿಬೆಟನ್ನರು ಕೈಬಿಟ್ಟರು. ಆತ್ಮಾಹುತಿಗಳ ಶೋಕದಿಂದ 2012ರಲ್ಲಿಯೂ ಹಾಗೆಯೇ ಆಯಿತು. 2009ರಲ್ಲಿ ನಾನು ಎಂದಿನಂತೆ ಹೋಗಬಯಸಿ ದೂರವಾಣಿ ಮಾಡಿದಾಗ ವೃದ್ಧೆಯ ಮಗಳು, 'ಬನ್ನಿ, ಆದರೆ ಈ ಸಲ ಹಬ್ಬವಿಲ್ಲ' ಎಂದಳು. ಹೋದೆ. ಖಾಪ್ಸೆಯ ಗೋಪುರವಿರಲಿಲ್ಲ. ಬೆಣ್ಣೆಯ ದೀಪವೊಂದು ಉರಿಯುತ್ತಿತ್ತು. ಅದರೆದುರು ಅರ್ಧ ಗಂಟೆ ಕುಳಿತು ಬಂದೆ. ಮುಂಚೆ ಕೇಳದೆ, ಬಣ್ಣದ ಕಾಗದದ ತೋರಣ ಹಿಡಿದು ಮಕ್ಕಳ ತಂಡದೊಡನೆ ಅಂದು ಹೋಗಿದ್ದರೆ ನಮ್ಮ ಸೇವೆ ಎಂಥದಾಗುತ್ತಿತ್ತು?

ಇನ್ನು ಆಕ್ಷೇಪಣೆಗಳು. ಲೋಸಾರ್ ಬರುವುದು ಪರೀಕ್ಷೆಗಳ ಹೊಸ್ತಿಲಲ್ಲಿ, ಮಕ್ಕಳನ್ನು ಕಳುಹಿಸುವುದು ಹೇಗೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಹತ್ತನೆಯ ತರಗತಿಯವರನ್ನು ಬಿಟ್ಟು ಎಂಟು ಒಂಬತ್ತನೆಯವರಲ್ಲಿ ಐದಾರು ಮಂದಿ ಒಂದು ದಿನ ಹೋಗಿಬಂದರೆ ಸಾಕು. 22 ಮಂದಿಯ ದಂಡು ಬೇಡವೇ ಬೇಡ. ನಮ್ಮ ಪಾಲಿಬೆಟ್ಟದ ತೋಟಗಳ ಲೈನ್ ಮನೆಗಳಲ್ಲಿಯೇ ಅಸ್ಸಾಮಿನಿಂದ ಬಂದವರು ಊರು ಬಿಟ್ಟು ಇದ್ದಾರಲ್ಲ, ಬೈಲಕುಪ್ಪೆಯೇ ಏಕೆ ಎಂದು ಇನ್ನೊಬ್ಬರು ಕೇಳಿದರು. ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಅವರೇ ಮುಂದೆ ನಿಂತು ಬಿಹು ಹಬ್ಬದಂದು ಒಂದು ಲೈನ್ ಮನೆಗೆ ಅತಿಥಿಯಾಗಿ ಹೋಗಿಬಂದು ನಮಗೆ ತಿಳಿಸಲಿ. ಹೊರದೇಶದ ಪೌರತ್ವ ಪಡೆದಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಾವೂ ತಂಡದೊಡನೆ ಬಂದು ಅಲ್ಲಿ ತಂಗುವುದಾದರೆ ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ಮುಂಚಿತವಾಗಿ ಪಡೆಯಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಅದರ ಅಗತ್ಯವಿಲ್ಲ.

ಹಾಗಾದರೆ ದೀಪಾವಳಿಯ ರಜೆಯಲ್ಲಿ ಬೈಲಕುಪ್ಪೆಗೆ ಹೋಗಬಾರದೇ? ಹೋಗಬೇಕು, ಕೆಲಸಕ್ಕಾಗಿ. ಅದು ಊರು ಖಾಲಿಯಾಗಿರುವ ಕಾಲ. ಈಗಂತೂ ಅಲ್ಲಿಯ ತರುಣರು ಸ್ವೆಟರ್ ಮಾರಾಟವನ್ನು ದಾಟಿ ಅಮೆರಿಕ, ಕೆನಡ, ಯುರೋಪುಗಳಿಗೆ ಹೋಗುತ್ತಿದ್ದಾರೆ. ವೃದ್ಧರು ಒಂಟಿಯಾಗಿರುವುದು ಒಂದು ಋತುವಿನ ಮಾತಾಗಿ ಉಳಿದಿಲ್ಲ. ಹೊರದೇಶದಲ್ಲಿ ಮಕ್ಕಳಿರುವ ನಮ್ಮ ಕೊಡಗಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕೆ? ವೃದ್ಧರನ್ನು ಕುಶಾಲನಗರದ ವೈದ್ಯರ ಬಳಿಗೆ ಕರೆದೊಯ್ಯುವುದು, ಕನ್ನಡದಲ್ಲಿ ಬಂದ ಸರ್ಕಾರಿ ಕಾಗದಗಳನ್ನು ಓದಿ ಹೇಳುವುದು, ಅಲ್ಲಿಯ ಮಕ್ಕಳಿಗೆ ಕನ್ನಡದ ಪಾಠದಲ್ಲಿ ನೆರವಾಗುವುದು, ಇವು ನಮ್ಮ ಹುಡುಗ ಹುಡುಗಿಯರ ಕೈಗೆ ಎಟುಕುವ ಕೆಲಸಗಳು. ಛಾಯಾಚಿತ್ರ ತೆಗೆಯುವಂಥ ಸನ್ನಿವೇಶ ಅವುಗಳಲ್ಲಿ ಇಲ್ಲವೆಂಬುದು ನನಗೆ ಗುಣವಾಗಿಯೇ ಕಾಣುತ್ತದೆ. ಸಂಜೆಗೆ ಮಕ್ಕಳು ಮರಳಿ ತಮ್ಮ ಮನೆಯ ದೀಪವನ್ನು ತಾವೇ ಹಚ್ಚಲಿ.

ದಾನಿಗಳ ಹಣದ ವಿಷಯ ಉಳಿಯಿತು. ಸಿಹಿಗೂ ಉಡುಪಿಗೂ ಎಂದು ಅವರು ಗೊತ್ತುಪಡಿಸಿದ ಮೊತ್ತವನ್ನು ವರ್ಷದ ವಾಹನದ ಬಾಡಿಗೆಗೂ ವೃದ್ಧರ ಔಷಧಿಗೂ ವಿನಿಯೋಗಿಸಲು ಅವರ ಒಪ್ಪಿಗೆ ಕೇಳಿ ಸಂಘದ ಕಾರ್ಯದರ್ಶಿಗಳು ಪತ್ರ ಬರೆಯಬೇಕೆಂದು ನನ್ನ ಕೋರಿಕೆ. ಲೋಸಾರ್‌ಗೆ ಆಮಂತ್ರಣ ಬಂದರೆ ಕೊಂಡೊಯ್ಯಬೇಕಾದುದು ಖತಾ ವಸ್ತ್ರವೊಂದು, ನಮ್ಮ ತೋಟದ ಕಿತ್ತಳೆ ಒಂದು ಬುಟ್ಟಿ; ಅದರ ಖರ್ಚನ್ನು ಹೋಗುವವರೇ ಹಾಕಿಕೊಳ್ಳಬಹುದು. 1986ರಲ್ಲಿ ನಮ್ಮನ್ನು ಕರೆದ ಆ ತಾಯಿ ಈಗಿಲ್ಲ. ಮಗಳು ಇದ್ದಾಳೆ, ಅವಳ ಇಬ್ಬರು ಮಕ್ಕಳೂ ಕೆನಡದಲ್ಲಿ. ಕಳೆದ ಹಬ್ಬಕ್ಕೆ ಹೋದಾಗ ಖಾಪ್ಸೆಯನ್ನು ಕರಿಯಲು ತನಗೀಗ ಕೈಸಾಲದೆಂದೂ, ಮುಂದಿನ ಸಲ ಹಿಂದಿನ ದಿನವೇ ಬಂದರೆ ಹಿಟ್ಟು ನಾದಲು ನೆರವಾದೀತೆಂದೂ ಅವಳು ಹೇಳಿದಳು. ಹಿಟ್ಟು ನಾದಲು ಬಲ್ಲ ಇಬ್ಬರು ಮಕ್ಕಳ ಹೆಸರನ್ನು ಒಂಬತ್ತನೆಯ ತರಗತಿಯ ಶಿಕ್ಷಕಿಯವರು ಕೊಟ್ಟಿದ್ದಾರೆ.